ಸಾಲು ನಿಂತುದೆಲ್ಲಿ?

ಆಟವೆಂದೊಡನೆ ಓಟ, ನೆಗೆತ, ಗುಂಡಿನ ಸುರಿಮಳೆಗಳು ನೆನಪಾಗುವುದು ಸಹಜ. ಆದರೆ ಲೆಕ್ಕ ಹಾಕದವನಿಗೆ ಒಂದು ಹೆಜ್ಜೆಯನ್ನೂ ಮುಂದಿಡಗೊಡದ ಕಂಪ್ಯೂಟರ್ ಆಟವೊಂದುಂಟು. ಪ್ರಾಗ್ ನಗರದ ವೂಬೆ ಸಂಸ್ಥೆಯವರು 2020ರಲ್ಲಿ ಪೂರ್ಣರೂಪದಲ್ಲಿ ಹೊರತಂದ ‘ಫ್ಯಾಕ್ಟೋರಿಯೊ’ ಎಂಬುದೇ ಅದು. ಅಪರಿಚಿತ ಗ್ರಹವೊಂದರಲ್ಲಿ ಸಿಕ್ಕಿಕೊಂಡ ಮನುಷ್ಯನು ಅದಿರನ್ನು ಅಗೆದು, ಕುಲುಮೆಯಲ್ಲಿ ಕರಗಿಸಿ, ಚಲಿಸುವ ಪಟ್ಟಿಗಳ ಮೇಲೆ ಯಂತ್ರದಿಂದ ಯಂತ್ರಕ್ಕೆ ಸಾಗಿಸಿ, ಕಡೆಗೆ ರಾಕೆಟ್ಟನ್ನೇ ಕಟ್ಟಿ ಹಾರಿಸಬೇಕು.

ಆಟದ ಮೊದಲ ಪಾಠ ಗುಣಾಕಾರ. ಕಲ್ಲಿನ ಕುಲುಮೆಯೊಂದು ಕಬ್ಬಿಣದ ಒಂದು ತಗಡನ್ನು ಕೊಡಲು 3.2 ಸೆಕೆಂಡು ಬೇಕು. ಆರಂಭದ ಹಳದಿ ಪಟ್ಟಿ ಸೆಕೆಂಡಿಗೆ 15 ತಗಡುಗಳನ್ನು ಹೊರಬಲ್ಲುದು. ಗುಣಿಸಿದರೆ 48 ಕುಲುಮೆಗಳಾದುವು. ನಲವತ್ತನ್ನು ಹೂಡಿದರೆ ಪಟ್ಟಿ ತುಂಬದು. ಅರವತ್ತನ್ನು ಹೂಡಿದರೂ ಒಂದು ತಗಡು ಹೆಚ್ಚು ಬಾರದು. ಸಾಲಿನಲ್ಲಿ ಅತ್ಯಂತ ಇಕ್ಕಟ್ಟಾದ ಜಾಗ ಯಾವುದೋ ಅದರ ವೇಗವೇ ಇಡೀ ಸಾಲಿನ ವೇಗ. ಉಳಿದೆಡೆ ಅವಸರಪಟ್ಟರೆ ರಾಶಿ ಬೆಳೆದೀತೇ ಹೊರತು ಫಲ ಬೆಳೆಯದು.

ಈ ಪಾಠಕ್ಕಾಗಿ ನಮ್ಮ ಅಕ್ಕೋಳದವರು ಪ್ರಾಗಿನವರೆಗೆ ಹೋಗಬೇಕಾದುದಿಲ್ಲ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿಗಳ ಸೀಮೆಯಲ್ಲಿ ಕಬ್ಬಿನ ಹಂಗಾಮು ಬಂತೆಂದರೆ ಇದೇ ಲೆಕ್ಕ ಬಯಲಿಗೆ ಇಳಿಯುತ್ತದೆ. ಕಟಾವಿನ ಗ್ಯಾಂಗು, ಟ್ರ್ಯಾಕ್ಟರು, ತೂಕದ ಕಾಟಾ, ಅರೆಯುವ ಗಾಣ, ರಸ ಕುದಿಸುವ ಪಾತ್ರೆ, ಹರಳನ್ನು ಬೇರ್ಪಡಿಸುವ ಯಂತ್ರ – ಇವೆಲ್ಲ ಒಂದೇ ಸರಪಳಿಯ ಕೊಂಡಿಗಳು. ಅರೆದುಳಿದ ಸಿಪ್ಪೆಯೇ ಉರುವಲಾಗಿ ಗಾಣಕ್ಕೆ ಬೇಕಾದ ಉಗಿಯನ್ನು ಕೊಡುವ ಜಾಣ್ಮೆಯೂ ಇಲ್ಲುಂಟು.

ಗಂಟೆಗೆ 100 ಟನ್ ಅರೆಯುವ ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಅಲ್ಲಿಗೆ ಗಂಟೆಗೆ 120 ಟನ್ ಕಬ್ಬು ಬರುತ್ತಿದ್ದರೆ, ಹತ್ತು ಗಂಟೆಗಳಲ್ಲಿ 200 ಟನ್ ಬಾಗಿಲಲ್ಲಿ ನಿಂತಿರುತ್ತದೆ. ಆಮೇಲೆ ಬಂದವನು ಎರಡು ಗಂಟೆ ಕಾಯಬೇಕು. ಇನ್ನಷ್ಟು ಟ್ರ್ಯಾಕ್ಟರುಗಳನ್ನು ಓಡಿಸಿದರೆ ಸರದಿ ಉದ್ದವಾದೀತು, ಅಷ್ಟೆ.

ಆಟಕ್ಕೂ ಬಾಳಿಗೂ ಇರುವ ಅಂತರ ಇಲ್ಲಿಯೇ ಕಾಣುವುದು. ಪಟ್ಟಿಯ ಮೇಲೆ ನಿಂತ ಅದಿರು ಬಾಡುವುದಿಲ್ಲ. ಕಡಿದ ಕಬ್ಬಾದರೋ ಗಳಿಗೆಗಳಿಗೆಗೂ ಒಣಗುತ್ತದೆ. ಅದರೊಳಗಿನ ಸಕ್ಕರೆಯೂ ಒಡೆದು ಕ್ಷೀಣಿಸುತ್ತದೆ. ಕಾಟಾ ಏರುವ ಮೊದಲು ಆದ ತೂಕದ ನಷ್ಟ ಬೆಳೆದವನದು. ಏರಿದ ಮೇಲೆ ಆದ ನಷ್ಟ ಕಾರ್ಖಾನೆಯದು. ಇಕ್ಕಟ್ಟು ಒಂದೇ ಆದರೂ ಅದು ಕಾಟಾದ ಯಾವ ಬದಿಗೆ ಬಿತ್ತೆಂಬುದರ ಮೇಲೆ ಯಾರ ಗಂಟು ಕರಗಿತೆಂಬುದು ನಿಶ್ಚಯವಾಗುತ್ತದೆ.

ಆದುದರಿಂದ ಯೋಜನೆಯನ್ನು ತುದಿಯಿಂದ ಬುಡಕ್ಕೆ ಹಾಕಬೇಕು. ಗಾಣ ಇಂದು ನುಂಗುವುದೆಷ್ಟು, ಅಷ್ಟಕ್ಕೆ ಹೊಲದಲ್ಲಿ ಕುಡುಗೋಲು. ನಾಟಿಯ ದಿನ, ಕುಳೆಯ ವಯಸ್ಸು, ಕಬ್ಬಿನ ಪಕ್ವತೆ ಇವುಗಳನ್ನು ನೋಡಿ ಗೊತ್ತುಮಾಡಿದ ಕಟಾವಿನ ಸರದಿಯನ್ನು ಯಾರ ಶಿಫಾರಸಿಗೂ ಮುರಿಯದಿರುವುದೇ ಇದರ ಜೀವಾಳ. ಒಬ್ಬನ ಕಬ್ಬು ಸರದಿ ಹಾರಿ ಒಳಹೊಕ್ಕರೆ, ಇನ್ನೊಬ್ಬನದು ಬಿಸಿಲಿನಲ್ಲಿ ಉಳಿಯಿತೆಂದೇ ಅರ್ಥ.

ಆಟದಲ್ಲಿ ತಪ್ಪು ಮಾಡಿದ ಹುಡುಗ ಸಾಲನ್ನು ಕೆಡವಿ ಮತ್ತೆ ಕಟ್ಟಿಯಾನು. ವರುಷವಿಡೀ ನೀರು ಹಾಯಿಸಿ ಬೆಳೆದ ರೈತನಿಗೆ ಆ ಹಂಗಾಮು ಮರಳಿ ಬಾರದು. ಯೋಜನೆ ಬರೆಯುವವರು ಯಂತ್ರದ ವೇಗವನ್ನು ಕೇಳಿಕೊಳ್ಳಲಿ. ಅದರೊಡನೆ ಕಾಯುವವರು ಯಾರೆಂಬುದನ್ನೂ ಕೇಳಿಕೊಳ್ಳಲಿ.