ಮಾಯವಾದ ಸೂರ್ಯ

ಮೂವತ್ತು ವರ್ಷ "ಕಾಪಿ ಹೊಡೀಬೇಡ್ರೋ" ಎಂದು ಮಕ್ಕಳನ್ನು ಗದರಿದ ವಿಜ್ಞಾನದ ಮೇಷ್ಟ್ರು ನಾನು. ಈಗ ಐವತ್ತೈದು ದಾಟಿದ ಮೇಲೆ ಸ್ವತಃ ಕಾಪಿ ಹೊಡೆಯಲು ಕೂತಿದ್ದೇನೆ. ತೈಲಚಿತ್ರ ಕಲಿಯಬೇಕೆಂಬುದು ಹಳೆಯ ಚಪಲ. ಶಾಲೆಯ ಡ್ರಾಯಿಂಗ್ ಮೇಷ್ಟ್ರನ್ನು ಕೇಳಿದರೆ, "ಮೊದಲು ಯಾರಾದರೂ ದೊಡ್ಡವರ ಚಿತ್ರ ನಕಲು ಮಾಡಿ ಸಾರ್. ಕೈಗಿಂತ ಮುಂಚೆ ಕಣ್ಣು ಪಳಗುತ್ತೆ" ಅಂದರು.

ನಾನು ಆರಿಸಿಕೊಂಡದ್ದು ಕ್ಲಾಡ್ ಮೊನೆಯ 'ಇಂಪ್ರೆಷನ್, ಸನ್‌ರೈಸ್'. ತಾನು ಬೆಳೆದ ಊರಾದ ಫ್ರಾನ್ಸಿನ ಲ ಹಾವ್ರ್ ಬಂದರಿನ ಮುಂಜಾವು ಅದು. ಚಿತ್ರದ ಮೇಲೆ ಮೊನೆ ಬರೆದ ವರ್ಷ 1872. ಮಂಜಿನಲ್ಲಿ ಕರಗಿದ ಹಡಗಿನ ಕಂಬಗಳು, ನೀಲಿ ಬೂದು ನೀರು, ಪುಟ್ಟ ದೋಣಿಗಳು, ಮೇಲೆ ಒಂದು ಕಿತ್ತಳೆ ಸೂರ್ಯ. 1874ರಲ್ಲಿ ಪ್ಯಾರಿಸ್ಸಿನಲ್ಲಿ ಇದನ್ನು ನೋಡಿದ ವಿಮರ್ಶಕ ಲೂಯಿ ಲೆರುವಾ, ಇವರೆಲ್ಲ 'ಇಂಪ್ರೆಷನಿಸ್ಟರು' ಎಂದು ಲೇವಡಿ ಮಾಡಿದ. ಆ ಅಣಕವೇ ಒಂದು ಪಂಥದ ಹೆಸರಾಗಿ ನಿಂತಿತು.

ನೋಡಲು ಅರ್ಧ ಗಂಟೆಯ ಕೆಲಸ. ಆಕಾಶ, ನೀರು ಹೇಗೋ ಕೂತವು. ಸೂರ್ಯನ ಹತ್ತಿರ ಬಂದಾಗ ನನ್ನ ಬಿ.ಎಸ್ಸಿ. ಅಡ್ಡ ಬಂತು. ಸೂರ್ಯ ಅಂದಮೇಲೆ ಎಲ್ಲಕ್ಕಿಂತ ಬೆಳ್ಳಗೆ ಹೊಳೆಯಬೇಕಲ್ಲ? ಕಿತ್ತಳೆಗೆ ಧಾರಾಳವಾಗಿ ಬಿಳಿ ಬೆರೆಸಿದೆ. ಹೊಳಪು ಬರುವ ಬದಲು ಬೇಯಿಸಿದ ಮೊಟ್ಟೆಯ ಹೋಳು ಅಂಟಿಸಿದಂತಾಯಿತು. ಇನ್ನಷ್ಟು ಬಿಳಿ ಬೆರೆಸಿದರೆ ಇನ್ನಷ್ಟು ಪೇಲವ. ಎಣ್ಣೆಬಣ್ಣ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಕೂಡಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಅದಕ್ಕೆ ದಿನಗಟ್ಟಲೆ ಬೇಕು. ಆ ಪುಣ್ಯದಿಂದ ನಾಲ್ಕು ಸಲ ಸೂರ್ಯನನ್ನು ಚಾಕುವಿನಲ್ಲಿ ಕೆರೆದು ತೆಗೆದೆ.

ನನ್ನ ಪಾಡು ನೋಡಲಾಗದೆ ಮಗಳು ಮೊನೆಯ ಚಿತ್ರವನ್ನು ತನ್ನ ಮೊಬೈಲಿನಲ್ಲಿ ಕಪ್ಪು ಬಿಳುಪು ಮಾಡಿ ತೋರಿಸಿದಳು. "ಅಪ್ಪಾ, ಸೂರ್ಯ ಎಲ್ಲಿ?" ಹುಡುಕಿದೆ. ಬಹುತೇಕ ಮಾಯ! ಮೊನೆಯ ಸೂರ್ಯ ಸುತ್ತಲಿನ ಮೋಡಕ್ಕಿಂತ ಬೆಳ್ಳಗಿರಲೇ ಇಲ್ಲ. ಬೇರೆಯಾಗಿದ್ದದ್ದು ಬಣ್ಣ ಮಾತ್ರ.

ಹಾರ್ವರ್ಡ್‌ನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಇದನ್ನು ವಿವರಿಸಿದ್ದಾರೆ. ವಸ್ತು ಎಲ್ಲಿದೆ, ಚಲಿಸುತ್ತಿದೆಯೇ ಎಂದು ಅಳೆಯುವ ಮಿದುಳಿನ ಭಾಗಕ್ಕೆ ಬೆಳಕಿನ ಏರಿಳಿತ ಗೊತ್ತು, ಬಣ್ಣ ಗೊತ್ತಿಲ್ಲ. ಅದಕ್ಕೆ ಈ ಸೂರ್ಯ ಕಾಣುವುದೇ ಇಲ್ಲ. ಬಣ್ಣ ಬಲ್ಲ ಭಾಗಕ್ಕೆ ಚೆನ್ನಾಗಿ ಕಾಣುತ್ತದೆ. ಈ ಗೊಂದಲದಲ್ಲೇ ಸೂರ್ಯ ನಡುಗಿದಂತೆ, ಮಿಡಿದಂತೆ ತೋರುತ್ತಾನೆ. ಐದನೇ ಸಲ ಕಣ್ಣು ಕಿರಿದು ಮಾಡಿ, ಕಿತ್ತಳೆಯನ್ನು ಆಕಾಶದ ಬೂದಿಗೆ ಸರಿತೂಗುವಷ್ಟು ಮಂಕಾಗಿಸಿ ಒಂದೇ ಸಲ ಒತ್ತಿದೆ. ಬೆಳಗಿತು!

ಸಂತೋಷದ ಜೊತೆಗೇ ಒಬ್ಬ ಹುಡುಗ ನೆನಪಾದ. ಎಂಟನೇ ತರಗತಿ. ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆ ನೋಡಿ ಚಿತ್ರ ಬರೆಯಲು ಹೇಳಿದ್ದೆ. ಎಲ್ಲರೂ ಪುಸ್ತಕದಲ್ಲಿದ್ದಂತೆ ಇಟ್ಟಿಗೆ ಜೋಡಿಸಿದ ಹಾಗೆ ಬರೆದರು. ಇವನು ವಕ್ರ ಗೆರೆಗಳನ್ನೂ ನಡುವೆ ಒಂದು ದಪ್ಪ ಕಪ್ಪು ಉಂಗುರವನ್ನೂ ಬರೆದಿದ್ದ. "ಇದ್ಯಾವುದೋ ಪುಸ್ತಕದಲ್ಲಿಲ್ಲದ್ದು?" ಎಂದು ಕೆಂಪು ಗೀಟು ಎಳೆದೆ. "ಕಾಣ್ತಿತ್ತು ಸಾರ್" ಅಂದ. ಅದು ಗಾಳಿಗುಳ್ಳೆ. ಕಂಡದ್ದನ್ನು ಬರೆದವನು ಅವನೊಬ್ಬನೇ. ಕಾಪಿ ಹೊಡೆಯಬೇಡಿ ಎನ್ನುತ್ತಲೇ ನಾನು ಪುಸ್ತಕದ ಕಾಪಿಯನ್ನೇ ಕೇಳಿದ್ದೆ. ನನ್ನ ಬಿಳಿ ಸೂರ್ಯನೂ ಅಂಥದ್ದೇ: ಗೊತ್ತಿದ್ದದ್ದು, ಕಂಡದ್ದಲ್ಲ.

ಈ ವರ್ಷ ಆ ಪಾಠದ ದಿನ ಪಠ್ಯಪುಸ್ತಕಗಳನ್ನೆಲ್ಲ ನನ್ನ ಮೇಜಿನ ಮೇಲೆ ಇರಿಸಿಕೊಂಡೆ. "ಕಂಡದ್ದನ್ನು ಬರೀರಿ" ಎಂದೆ. ಒಂದರಂತೆ ಒಂದಿಲ್ಲದ ಚಿತ್ರಗಳು ಬಂದವು. ಒಂದರಲ್ಲಿ ಅದೇ ಕಪ್ಪು ಉಂಗುರ. ಪಕ್ಕದಲ್ಲಿ 'ಗಾಳಿಗುಳ್ಳೆ' ಎಂದು ಬರೆಸಿ ರೈಟು ಹಾಕಿದೆ. ಸ್ವಲ್ಪ ತಡವಾಯಿತು.