ಅನುವಾದ ಯಂತ್ರ ಮಾಡಲಿ, ಸಹಿ ಕಚೇರಿಯೇ ಹಾಕಲಿ

"ಮೊಬೈಲಲ್ಲೇ ಅನುವಾದ ಆಗ್ತದಲ್ಲ, ನಿಮಗೆ ಬೇರೆ ಕನ್ನಡ ಪ್ರತಿ ಯಾಕೆ?" ಗಡಿಯಾಚೆಯ ಕನ್ನಡಿಗರು ಇನ್ನು ಕೇಳಿಸಿಕೊಳ್ಳಬೇಕಾದ ಮಾತು ಇದು. ಇಷ್ಟು ದಿನದ ಮಾತು ಬೇರೆ: ಅನುವಾದಕರಿಲ್ಲ, ದುಡ್ಡಿಲ್ಲ. ಎರಡಕ್ಕೂ ನಾವು ಉತ್ತರ ಸಿದ್ಧ ಇಟ್ಟುಕೊಳ್ಳಬೇಕು.

ಮೊದಲು ದುಡ್ಡಿನದು. ಬ್ಯಾಂಕಿನಲ್ಲಿ ಕೂರುವ ನಮ್ಮಂಥವರಿಗೆ ಲೆಕ್ಕವೇ ಮೊದಲು. ಈಗ ಅನುವಾದ ವ್ಯವಸ್ಥೆಗೆ ಸರ್ವರ್ ಕೊಳ್ಳಬೇಕಿಲ್ಲ. ಅಮೆಜಾನ್ ಕ್ಲೌಡಿನ ಒಂದು ಫೋಲ್ಡರಿಗೆ ಮಲಯಾಳಂ ಸುತ್ತೋಲೆ ಹಾಕಿದರೆ ಲ್ಯಾಂಬ್ಡಾ ಎಂಬ ಸೇವೆಯಲ್ಲಿಟ್ಟ ಸಣ್ಣ ಪ್ರೋಗ್ರಾಂ ತಾನಾಗಿ ಓಡಿ, ಅದನ್ನು ಅನುವಾದ ಸೇವೆಗೆ ಕೊಟ್ಟು, ಬಂದ ಕನ್ನಡವನ್ನು ಇನ್ನೊಂದು ಫೋಲ್ಡರಿನಲ್ಲಿಟ್ಟು ಸುಮ್ಮನಾಗುತ್ತದೆ. ಸರ್ವರ್‌ಲೆಸ್ ಅಂದರೆ ಇದೇ. ಸರ್ವರ್ ಇಲ್ಲ ಅಂತಲ್ಲ, ಅದನ್ನು ಸಾಕುವ ಗೋಜು ನಮಗಿಲ್ಲ. ಕರೆಂಟ್ ಬಿಲ್ಲಿನ ಹಾಗೆ ಬಳಸಿದಷ್ಟಕ್ಕೆ ದುಡ್ಡು. ಅನುವಾದಕ್ಕೆ 10 ಲಕ್ಷ ಅಕ್ಷರಕ್ಕೆ 15 ಡಾಲರ್. ಎರಡು ಪುಟದ ಸುತ್ತೋಲೆಗೆ ಐದಾರು ರೂಪಾಯಿ ಬಿದ್ದೀತು. ಅದೂ ಬೇಡವೆಂದರೆ ಕೇಂದ್ರ ಸರ್ಕಾರದ್ದೇ ಭಾಷಿಣಿ ಇದೆ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡದ ಇಂಡಿಕ್‌ಟ್ರಾನ್ಸ್2 ನಮ್ಮ 22 ಭಾಷೆಗಳಿಗೆ ಮುಕ್ತವಾಗಿ ಸಿಗುತ್ತದೆ. ಇನ್ನು ದುಡ್ಡಿನ ನೆಪ ನಡೆಯುವುದಿಲ್ಲ.

ಹಾಗಾದರೆ ಯಂತ್ರ ಕೊಟ್ಟದ್ದನ್ನೇ ನಂಬುವುದಾ? ಅಲ್ಲೇ ಇರುವುದು ಅಪಾಯ. ಕಾಸರಗೋಡಿನ ಕಚೇರಿಗಳಲ್ಲಿ 'ಅಪೇಕ್ಷ' ಅಂದರೆ ಅರ್ಜಿ, 'ಉತ್ತರವ್' ಅಂದರೆ ಆದೇಶ. ಕನ್ನಡದ ಅಪೇಕ್ಷೆ, ಉತ್ತರ ಬೇರೆಯೇ. ಜಾಗದ ಖಾತೆ ಬದಲಾವಣೆಗೆ ಅಲ್ಲಿ 'ಪೋಕ್ಕುವರವ್' ಅನ್ನುತ್ತಾರೆ. ಪದ ಬಿಡಿಸಿದರೆ ಹೋಗುವುದು ಬರುವುದು. ಯಂತ್ರ ಅದನ್ನು ವಾಹನ ಸಂಚಾರ ಮಾಡಿಟ್ಟರೆ ಅಜ್ಜನ ಜಾಗದ ಕಾಗದ ಯಾರಿಗೆ ಅರ್ಥ ಆದೀತು? ಇದೇ ಕೆಲಸಕ್ಕೆ ತಾಳವಾಡಿಯಲ್ಲಿ 'ಪಟ್ಟಾ ಮಾರುದಲ್', ಜತ್ತ-ಅಕ್ಕಲಕೋಟೆಯಲ್ಲಿ 'ಫೇರ್‌ಫಾರ್'. ಈ ಪದಗಳ ಎರಡೂ ದಡ ಗೊತ್ತಿರುವವರು ಬೆಂಗಳೂರಲ್ಲೂ ಇಲ್ಲ, ತಿರುವನಂತಪುರದಲ್ಲೂ ಇಲ್ಲ. ನಾವೇ.

ಅಮೆಜಾನಿನ ಅನುವಾದ ಸೇವೆಗೆ ನಮ್ಮದೇ ಪದಪಟ್ಟಿ ಸೇರಿಸಬಹುದು. ಎಕ್ಸೆಲ್ ಶೀಟಿನಂಥದ್ದೇ: ಒಂದು ಕಾಲಂನಲ್ಲಿ ಅವರ ಪದ, ಪಕ್ಕದಲ್ಲಿ ನಮ್ಮದು. ಆದರೆ ಒಂದೇ ಅರ್ಥದ ಪದಕ್ಕೆ ಮಾತ್ರ ಅದು ಸರಿಹೋಗುತ್ತದೆ. ಮಲಯಾಳಂನ 'ಅವಧಿ' ಒಂದು ಕಡೆ ರಜೆ, ಇನ್ನೊಂದು ಕಡೆ ಗಡುವು. ಅಲ್ಲಿ ಮನುಷ್ಯನೇ ನೋಡಬೇಕು.

ಬ್ಯಾಂಕಿನಲ್ಲಿ ಮೇಕರ್-ಚೆಕ್ಕರ್ ಅಂತ ಇದೆ. ಒಬ್ಬರು ಎಂಟ್ರಿ ಹಾಕಿದರೆ ಇನ್ನೊಬ್ಬರು ನೋಡಿ ಪಾಸ್ ಮಾಡಬೇಕು. ಎರಡೂ ಒಬ್ಬರೇ ಮಾಡುವಂತಿಲ್ಲ. ಯಂತ್ರ ಮೇಕರ್ ಆಗಲಿ, ಬೇಡ ಅನ್ನುವುದಿಲ್ಲ. ಚೆಕ್ಕರ್ ಕುರ್ಚಿಯಲ್ಲಿ ಎರಡೂ ಭಾಷೆ ಬಲ್ಲ ನೌಕರ ಇರಲಿ, ಕನ್ನಡ ಪ್ರತಿಗೆ ಕಚೇರಿಯ ಸಹಿ, ಮೊಹರು ಬೀಳಲಿ. ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಕನ್ನಡದಲ್ಲಿ ಬರೆದವರಿಗೆ ಕನ್ನಡದಲ್ಲೇ ಉತ್ತರ ಅಂತ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿದೆ. ಆ ಹೊಣೆ ಕಚೇರಿಯದ್ದು, ನಮ್ಮ ಮೊಬೈಲಿನದ್ದಲ್ಲ. ಗಡುವಿನ ದಿನಾಂಕ ತಪ್ಪಾಗಿ ಅನುವಾದವಾಗಿ ಅರ್ಜಿ ತಿರಸ್ಕಾರವಾದರೆ ಆ್ಯಪ್ ಬಂದು ಸಾಕ್ಷಿ ಹೇಳ್ತದಾ?

ಪದಪಟ್ಟಿಯನ್ನು ಮಾತ್ರ ಸರ್ಕಾರಕ್ಕೆ ಕಾಯದೆ ನಾವೇ ಶುರು ಮಾಡೋಣ. ಜಾಗ, ರೇಷನ್, ಪಿಂಚಣಿ, ಬ್ಯಾಂಕು: ಒಂದೊಂದು ಊರಿನಿಂದ 50 ಪದ ಸಾಕು. ನಿವೃತ್ತ ಗ್ರಾಮಾಧಿಕಾರಿಗಳು, ದಸ್ತಾವೇಜು ಬರೆಯುವವರು ನಮ್ಮಲ್ಲಿ ಇನ್ನೂ ಇದ್ದಾರೆ, ಅವರನ್ನು ಕೂರಿಸಿಕೊಂಡು ಬರೆಯಬೇಕು.