ಮೊಮ್ಮಗಳಿಗೆ ಯಾವ ಕ್ಯಾಮೆರಾ?

ಈ ವಾರ ತೀರ್ಥಹಳ್ಳಿ ಕಡೆಯಿಂದ ಒಂದು ಪತ್ರ ಬಂದಿದೆ. ಬರೆದವರು ನಿವೃತ್ತ ಮೇಷ್ಟ್ರು. ಮುಂದಿನ ಯುಗಾದಿಯ ಹೊತ್ತಿಗೆ ಅವರ ಹಳೆಯ ಹೆಂಚಿನ ಮನೆ ಬೇರೆಯವರ ಕೈಸೇರುತ್ತದೆ. ಅಜ್ಜ, ಅಜ್ಜಿ ಇಬ್ಬರೂ ಶಿವಮೊಗ್ಗದಲ್ಲಿರುವ ಮಗನ ಮನೆಗೆ ಹೋಗುತ್ತಾರೆ. ಅದಕ್ಕೂ ಮೊದಲು, ದಸರಾ ರಜೆಗೆ, ಏಳನೇ ತರಗತಿಯ ಮೊಮ್ಮಗಳು ಬರುತ್ತಾಳೆ. ಅವಳಿಗೆ ಫೋಟೊ ತೆಗೆಯುವ ಹುಚ್ಚು.

ಗೋಡೆ, ಬಾಗಿಲು, ಕಂಬಗಳ ಫೋಟೊಗಳನ್ನು ಮಗ ಆಗಲೇ ತೆಗೆದಿಟ್ಟಿದ್ದಾನಂತೆ. ಮೇಷ್ಟ್ರಿಗೆ ಬೇಕಾಗಿರುವುದು ಬೇರೆ. ಅಜ್ಜಿ ಬೆಳಿಗ್ಗೆ ಒಲೆಯ ಮುಂದೆ ಕೂತು ದೋಸೆ ಎರೆಯುವುದು, ಜಗಲಿಯಲ್ಲಿ ಹೂ ಕಟ್ಟುವುದು, ಕೊಟ್ಟಿಗೆಯಲ್ಲಿ ಹಸುವಿನ ಜೊತೆ ಮಾತಾಡುವುದು. ಇವನ್ನು ಮೊಮ್ಮಗಳೇ ತೆಗೆಯಲಿ ಎಂದು ಅವರ ಆಸೆ. ‘ಲೆನ್ಸ್ ಬದಲಾಯಿಸುವ ದೊಡ್ಡ ಕ್ಯಾಮೆರಾ ಬೇಡ, ಜೇಬಿಗೆ ಹಿಡಿಯುವಂಥದ್ದು ಹೇಳಿ. ಕೈಯಲ್ಲಿ ಇಪ್ಪತ್ತೈದು ಸಾವಿರ ಇದೆ. ಸಾಲದಿದ್ದರೆ ಠೇವಣಿ ಮುರಿಸುತ್ತೇನೆ’ ಎಂದು ಬರೆದಿದ್ದಾರೆ.

ಠೇವಣಿ ಮುರಿಸಬೇಡಿ ಮೇಷ್ಟ್ರೇ. ಯಾಕೆ ಎಂದು ಒಂದೊಂದಾಗಿ ಹೇಳುತ್ತೇನೆ. ಮಕ್ಕಳೇ, ನೀವೂ ಕೇಳಿಸಿಕೊಳ್ಳಿ. ನಡುವೆ ಒಂದು ಲೆಕ್ಕವಿದೆ, ಅದನ್ನು ನೀವೇ ಮಾಡಬೇಕು.

ಲೆನ್ಸ್ ಕಳಚಲು ಬಾರದ ಪುಟ್ಟ ಕ್ಯಾಮೆರಾ ಹೊಸ ವಸ್ತುವೇನಲ್ಲ. 1900ರಲ್ಲಿ ಅಮೆರಿಕದ ಕೊಡಾಕ್ ಕಂಪನಿ ‘ಬ್ರೌನಿ’ ಎಂಬ ರಟ್ಟಿನ ಡಬ್ಬಿಯಂಥ ಕ್ಯಾಮೆರಾ ತಂದಿತು. ಬೆಲೆ ಒಂದು ಡಾಲರ್. ಮಕ್ಕಳೂ ಫೋಟೊ ತೆಗೆಯಲಿ ಎಂದೇ ಅದನ್ನು ಮಾಡಿದ್ದು. ನಮ್ಮಲ್ಲಿ ಅಜ್ಜ–ಅಜ್ಜಿಯರಿಗೆ ‘ಆಗ್ಫಾ ಕ್ಲಿಕ್’ ನೆನಪಿರಬೇಕು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಹಬ್ಬಕ್ಕೋ ಜಾತ್ರೆಗೋ ರೋಲು ಹಾಕಿಸಿದರೆ, ಒಂದೊಂದು ಸಲ ಗುಂಡಿ ಒತ್ತುವಾಗಲೂ ಮನೆಯವರೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. 1979ರಲ್ಲಿ ಜಪಾನಿನ ಯೋಶಿಹಿಸಾ ಮೈತಾನಿ ಎಂಬ ವಿನ್ಯಾಸಕಾರರು ‘ಒಲಿಂಪಸ್ ಎಕ್ಸ್‌ಎ’ ರೂಪಿಸಿದರು. ಚೀಲ ಬೇಡ, ಲೆನ್ಸಿಗೆ ಬೇರೆ ಮುಚ್ಚಳವೂ ಬೇಡ. ಜಾರುವ ಬಾಗಿಲನ್ನು ಸರಿಸಿದರೆ ಸಿದ್ಧ. ಕ್ಯಾಮೆರಾ ಮನೆಯ ಬೀರುವಿನಲ್ಲಿ ಕೂರಬಾರದು, ಸದಾ ಜೊತೆಗಿರಬೇಕು ಎಂಬುದು ಈ ಜಾತಿಯ ಕ್ಯಾಮೆರಾಗಳ ಮೂಲಮಂತ್ರ.

ಇವುಗಳಲ್ಲಿ ಎರಡು ಬಗೆ. ಒಂದರಲ್ಲಿ ಲೆನ್ಸ್ ಜೂಮ್ ಆಗುತ್ತದೆ, ಅಂದರೆ ನಿಂತಲ್ಲಿಂದಲೇ ದೂರದ್ದನ್ನು ಹತ್ತಿರ ಎಳೆಯುತ್ತದೆ. ಇನ್ನೊಂದರಲ್ಲಿ ಜೂಮ್ ಇಲ್ಲ. ಹತ್ತಿರ ಬೇಕಾದರೆ ನಾವೇ ನಡೆದು ಹೋಗಬೇಕು. ನನಗೆ ಇಷ್ಟವಾದದ್ದು ಎರಡನೆಯದು. ಇದರಲ್ಲಿ ಕಾಲಿಗೂ ಕೆಲಸ, ಕಣ್ಣಿಗೂ ಕೆಲಸ. ಸ್ವಲ್ಪ ದಿನ ಬಳಸಿದರೆ, ಎಲ್ಲಿ ನಿಂತರೆ ಎಷ್ಟು ಕಾಣುತ್ತದೆ ಎಂಬುದು ಕ್ಯಾಮೆರಾ ಎತ್ತುವ ಮೊದಲೇ ಗೊತ್ತಾಗುತ್ತದೆ.

ಹಾಗಾದರೆ ಎಷ್ಟು ಅಗಲ ಕಾಣುವ ಲೆನ್ಸ್ ಬೇಕು? ಅಂಗಡಿಯವರು 28, 35, 40, 50 ಎಂದು ಸಂಖ್ಯೆ ಹೇಳುತ್ತಾರೆ. ಇವು ಮಿಲಿಮೀಟರ್ ಲೆಕ್ಕ. ಸಂಖ್ಯೆ ಚಿಕ್ಕದಾದಷ್ಟೂ ಹೆಚ್ಚು ಅಗಲ ಕಾಣುತ್ತದೆ. ಇದನ್ನು ಒಂದು ರೂಪಾಯಿ ಖರ್ಚಿಲ್ಲದೆ ಮನೆಯಲ್ಲೇ ನೋಡಬಹುದು.

ಹಳೆಯ ಸೀರೆ ಪೆಟ್ಟಿಗೆಯ ಮುಚ್ಚಳ ತೆಗೆದುಕೊಳ್ಳಿ. ಅದರ ನಡುವೆ 18 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಎತ್ತರದ ಕಿಟಕಿ ಕತ್ತರಿಸಿ. (ಕತ್ತರಿ ಹಿಡಿಯುವಾಗ ದೊಡ್ಡವರು ಪಕ್ಕದಲ್ಲಿರಲಿ.) ಕಿಟಕಿಯ ಕೆಳಗೆ ಸಣ್ಣ ತೂತು ಮಾಡಿ ಒಂದು ದಾರ ಕಟ್ಟಿ. ಮುಚ್ಚಳದಿಂದ 14, 17.5, 20 ಮತ್ತು 25 ಸೆಂಟಿಮೀಟರ್ ದೂರದಲ್ಲಿ ದಾರಕ್ಕೆ ಒಂದೊಂದು ಗಂಟು ಹಾಕಿ. ಈಗ ಮೊದಲ ಗಂಟನ್ನು ಕಣ್ಣಿನ ಕೆಳಗೆ ಕೆನ್ನೆಗೆ ಒತ್ತಿ ಹಿಡಿದು, ದಾರ ಬಿಗಿಯಾಗಿರುವಂತೆ ಮುಚ್ಚಳವನ್ನು ಮುಂದೆ ಚಾಚಿ. ಇನ್ನೊಂದು ಕಣ್ಣು ಮುಚ್ಚಿ ಕಿಟಕಿಯೊಳಗಿಂದ ನೋಡಿ. ಮೊದಲ ಗಂಟಿನಲ್ಲಿ ಕಾಣುವುದೇ 28ರ ಲೆನ್ಸಿನ ನೋಟ. ಎರಡನೆಯದು 35, ಮೂರನೆಯದು 40, ಕೊನೆಯದು 50.

ಇದರಲ್ಲಿ ಮಾಯೆ ಏನೂ ಇಲ್ಲ. ಹಳೆಯ ಫಿಲ್ಮಿನ ಒಂದು ಚಿತ್ರದ ಅಳತೆ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಇವತ್ತಿಗೂ ಲೆನ್ಸಿನ ಸಂಖ್ಯೆಗಳನ್ನು ಆ ಅಳತೆಗೆ ಹೋಲಿಸಿಯೇ ಹೇಳುತ್ತಾರೆ. ನಾವು ಎಲ್ಲವನ್ನೂ ಐದು ಪಟ್ಟು ದೊಡ್ಡದು ಮಾಡಿಕೊಂಡೆವು, ಅಷ್ಟೇ.

ಈಗ ಲೆಕ್ಕ. ಎದುರಿನ ವಸ್ತು ಎಷ್ಟು ದೂರದಲ್ಲಿದೆಯೋ ಅದನ್ನು 36ರಿಂದ ಗುಣಿಸಿ ಲೆನ್ಸಿನ ಸಂಖ್ಯೆಯಿಂದ ಭಾಗಿಸಿದರೆ, ಚಿತ್ರದಲ್ಲಿ ಎಷ್ಟು ಅಗಲ ಹಿಡಿಯುತ್ತದೆ ಎಂದು ಸಿಗುತ್ತದೆ. ಅಜ್ಜಿ ಎರಡು ಮೀಟರ್ ದೂರದಲ್ಲಿ ಒಲೆಯ ಮುಂದೆ ಕೂತಿದ್ದಾರೆ ಎನ್ನೋಣ. 28ರ ಲೆನ್ಸಿನಲ್ಲಿ ಸುಮಾರು ಎರಡೂವರೆ ಮೀಟರ್ ಅಗಲ ಬರುತ್ತದೆ. ಅಜ್ಜಿಯ ಜೊತೆಗೆ ಹಿತ್ತಲ ಬಾಗಿಲು, ಕಟ್ಟಿಗೆ ರಾಶಿ, ನೀರಿನ ಹಂಡೆ ಎಲ್ಲವೂ ಬಂದವು. 40ರಲ್ಲಿ 1.8 ಮೀಟರ್, ಅಜ್ಜಿ, ಒಲೆ, ದೋಸೆ ಕಾವಲಿ, ಹಿಟ್ಟಿನ ಪಾತ್ರೆ. 50ರಲ್ಲಿ ಒಂದೂವರೆ ಮೀಟರಿಗಿಂತಲೂ ಕಡಿಮೆ; ಅಜ್ಜಿ ಮತ್ತು ಒಲೆ ಮಾತ್ರ. 35ರ ಉತ್ತರವನ್ನು ನೀವೇ ಕಂಡುಹಿಡಿಯಿರಿ.

ಹಾಗಾದರೆ 28 ತೆಗೆದುಕೊಂಡು ಅಜ್ಜಿಯ ಮೂಗಿನ ತನಕ ಹೋದರಾಯಿತಲ್ಲ ಎಂದು ಕೇಳಬಹುದು. ತೀರ ಹತ್ತಿರ ಹೋದರೆ ಕ್ಯಾಮೆರಾದ ಸಮೀಪ ಇರುವುದು ದೊಡ್ಡದಾಗಿ, ಹಿಂದಿರುವುದು ಚಿಕ್ಕದಾಗಿ ಕಾಣುತ್ತದೆ. ಮೂಗು ಬದನೆಕಾಯಿ, ಕಿವಿ ಗೋಡಂಬಿ! ಕನಿಷ್ಠ ಒಂದು ಮೀಟರ್ ದೂರದಲ್ಲಿದ್ದರೆ ಮುಖ ಮುಖದಂತೆಯೇ ಇರುತ್ತದೆ. ಇಕ್ಕಟ್ಟಾದ ಕೋಣೆ, ಬೀದಿ, ಜಾತ್ರೆಗೆ 28 ಅನುಕೂಲ. ಮನುಷ್ಯರ ಮುಖ, ಕೈಕೆಲಸಕ್ಕೆ 40 ಒಳ್ಳೆಯದು. 35 ನಡುವಿನ ದಾರಿ.

ಎರಡನೆಯ ಪ್ರಶ್ನೆ ಬೆಳಕಿನದು. ಮಲೆನಾಡಿನ ಅಡುಗೆಮನೆಯಲ್ಲಿ ಹಗಲಲ್ಲೂ ಮಬ್ಬು. ಒಲೆಯ ಬೆಂಕಿ ಬಿಟ್ಟರೆ ಗಾಜಿನ ಹೆಂಚಿನಿಂದ ಬೀಳುವ ಒಂದು ಕೋಲು ಬಿಸಿಲು. ಅಲ್ಲಿ ಫ್ಲ್ಯಾಶ್ ಹೊಡೆದರೆ ಬೆಂಕಿಯ ಬಣ್ಣವೂ ಸತ್ತಿತು, ಬಿಸಿಲ ಕೋಲೂ ಮಾಯವಾಯಿತು. ಆದ್ದರಿಂದ ಫ್ಲ್ಯಾಶ್ ಇಲ್ಲದೆಯೇ ಕಡಿಮೆ ಬೆಳಕನ್ನು ಹಿಡಿಯಬಲ್ಲ ಕ್ಯಾಮೆರಾ ಬೇಕು.

ಅಂಗಳದಲ್ಲಿ ಮಳೆ ಬರುವಾಗ ಒಂದು ಲೋಟ, ಒಂದು ಪಾತ್ರೆ, ಒಂದು ಹಂಡೆ ಇಟ್ಟರೆ ಯಾವುದರಲ್ಲಿ ಹೆಚ್ಚು ನೀರು ನಿಲ್ಲುತ್ತದೆ? ಬಾಯಿ ದೊಡ್ಡದಿರುವುದರಲ್ಲಿ. ಕ್ಯಾಮೆರಾದೊಳಗೆ ಬೆಳಕನ್ನು ಹಿಡಿಯುವ ಸೆನ್ಸರ್ ಎಂಬ ಫಲಕವೂ ಹಾಗೆಯೇ. ತೀರ ಅಗ್ಗದ ಪುಟ್ಟ ಕ್ಯಾಮೆರಾಗಳಲ್ಲಿ ಅದು ಸುಮಾರು 6 ಮಿಲಿಮೀಟರ್ ಅಗಲ, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ‘ಒಂದು ಇಂಚು’ ಎಂದು ಕರೆಯುವ ಸೆನ್ಸರ್ ನಿಜವಾಗಿ 13.2 ಮಿಲಿಮೀಟರ್ ಅಗಲ, 8.8 ಎತ್ತರ; ಹೆಸರಿನಲ್ಲಿ ಮಾತ್ರ ಇಂಚು. ಆದರೂ ಮೊದಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ವಿಸ್ತಾರ. ‘ಎಪಿಎಸ್-ಸಿ’ ಎಂಬುದು ಅದಕ್ಕಿಂತಲೂ ಮೂರು ಪಟ್ಟು ದೊಡ್ಡದು.

ಲೆನ್ಸಿನ ಮೇಲೆ ‘ಎಫ್’ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ. ಅದು ಬೆಳಕಿನ ಬಾಗಿಲು ಎಷ್ಟು ತೆರೆಯುತ್ತದೆ ಎಂಬುದರ ಅಳತೆ. ಸಂಖ್ಯೆ ಚಿಕ್ಕದಾದರೆ ಬಾಗಿಲು ದೊಡ್ಡದು. ಎಫ್/2.8ಕ್ಕಿಂತ ಎಫ್/2 ಎರಡು ಪಟ್ಟು ಬೆಳಕು ಬಿಡುತ್ತದೆ. ಮೆಗಾಪಿಕ್ಸೆಲ್ ಎಷ್ಟು ಎಂದು ಕೇಳುವ ಮೊದಲು ಈ ಎರಡನ್ನು ಕೇಳಿ.

ಈಗ ಹೆಸರುಗಳಿಗೆ ಬರೋಣ. ಜೂಮ್ ಇಲ್ಲದ ಪುಟ್ಟ ಕ್ಯಾಮೆರಾಗಳಲ್ಲಿ ಇಂದು ಹೆಚ್ಚು ಕೇಳಿಬರುವುದು ಎರಡು. ರಿಕೋ ಕಂಪನಿಯ ‘ಜಿಆರ್’ ಮತ್ತು ಫ್ಯೂಜಿಫಿಲ್ಮಿನ ‘ಎಕ್ಸ್100’. ಎರಡರಲ್ಲೂ ಎಪಿಎಸ್-ಸಿ ಸೆನ್ಸರ್. 2019ರ ಜಿಆರ್ 3ರಲ್ಲಿ 28ರ ನೋಟ, 2021ರ ಜಿಆರ್ 3ಎಕ್ಸ್‌ನಲ್ಲಿ 40ರ ನೋಟ, ಎರಡೂ ಎಫ್/2.8. ತೂಕ ಕಾಲು ಕಿಲೋಗಿಂತ ತುಸು ಹೆಚ್ಚು. ಜುಬ್ಬಾದ ಜೇಬಿನಲ್ಲಿ ಹಾಕಿಕೊಂಡರೆ ಇದೆಯೋ ಇಲ್ಲವೋ ಎನಿಸುತ್ತದೆ. 2024ರಲ್ಲಿ ಬಂದ ಎಕ್ಸ್100–6ರಲ್ಲಿ 35ರ ನೋಟ, ಎಫ್/2. ತೂಕ 521 ಗ್ರಾಂ. ಜೇಬಿನಲ್ಲಿಟ್ಟರೆ ಅರ್ಧ ಕಿಲೋ ಬೆಲ್ಲದ ಅಚ್ಚಿಟ್ಟಂತೆ ಜುಬ್ಬಾ ಒಂದು ಕಡೆ ವಾಲುತ್ತದೆ. ಆದರೆ ಇದಕ್ಕೆ ಕಣ್ಣಿಟ್ಟು ನೋಡುವ ಕಿಂಡಿ ಇದೆ. ಆ ಕಿಂಡಿಯನ್ನು ನಮ್ಮ ದೃಷ್ಟಿಗೆ ತಕ್ಕಂತೆ ತಿರುಗಿಸಿಕೊಳ್ಳಬಹುದು. ಓದುವ ಕನ್ನಡಕವಿಲ್ಲದೆ ಹಿಂದಿನ ಪರದೆ ಕಾಣದ ನಮ್ಮಂಥವರಿಗೆ ಇದು ದೊಡ್ಡ ಉಪಕಾರ. ಜಿಆರ್‌ನಲ್ಲಿ ಕಿಂಡಿ ಇಲ್ಲ.

ಎಕ್ಸ್100–6 ಹೊಸದಕ್ಕೆ ಲಕ್ಷ ರೂಪಾಯಿಗೂ ಮೀರಿದ ಬೆಲೆ. ಮೇಷ್ಟ್ರು ಠೇವಣಿಯ ಮಾತೆತ್ತಿದ್ದು ಇಂಥದ್ದನ್ನು ಅಂಗಡಿಯಲ್ಲಿ ನೋಡಿದ ಮೇಲೇ ಇರಬೇಕು. ಕ್ಯಾಮೆರಾ ಒಳ್ಳೆಯದೇ. ಆದರೆ ಏಳನೇ ತರಗತಿಯ ಹುಡುಗಿಯ ಕೈಗೆ ಲಕ್ಷದ ವಸ್ತು ಕೊಟ್ಟರೆ ಮನೆಯವರೆಲ್ಲ ‘ಜೋಪಾನ, ಬೀಳಿಸಬೇಡ’ ಎನ್ನುತ್ತಲೇ ಇರುತ್ತಾರೆ. ಎರಡೇ ದಿನಕ್ಕೆ ಅದು ಬೀರು ಸೇರುತ್ತದೆ. ಒಲೆಯ ಹೊಗೆ, ದೋಸೆ ಹಿಟ್ಟು, ಕೊಟ್ಟಿಗೆಯ ದೂಳು ಇರುವ ಕಡೆಗೆ ಧೈರ್ಯವಾಗಿ ಒಯ್ಯಬಲ್ಲ ಕ್ಯಾಮೆರಾವೇ ಅವಳಿಗೆ ಸರಿ.

ನನ್ನ ಸಲಹೆ ಇದು. ಒಂದು ಇಂಚಿನ ಸೆನ್ಸರ್ ಇರುವ, ಬಳಸಿದ ಪುಟ್ಟ ಕ್ಯಾಮೆರಾ ಹುಡುಕಿ. ಉದಾಹರಣೆಗೆ ಸೋನಿಯವರು 2012ರಲ್ಲಿ ತಂದ ಆರ್‌ಎಕ್ಸ್100. ಅದರಲ್ಲಿ ಜೂಮ್ ಇದೆ, ಆದರೆ ಮುಟ್ಟಬೇಡಿ. ಜೂಮ್ ಮಾಡದೆ 28ರಲ್ಲೇ ಇಟ್ಟರೆ ಬಾಗಿಲು ಎಫ್/1.8ರಷ್ಟು ತೆರೆಯುತ್ತದೆ. ಪೂರ್ತಿ ಜೂಮ್ ಎಳೆದರೆ ಎಫ್/4.9, ಅಂದರೆ ಬೆಳಕು ಏಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕತ್ತಲೆಯ ಅಡುಗೆಮನೆಯಲ್ಲಿ ಇದೇ ವ್ಯತ್ಯಾಸ. ಮೊಮ್ಮಗಳು ಒಂದು ಮಣೆ ಹಾಕಿಕೊಂಡು ಅಜ್ಜಿಯಿಂದ ಒಂದೂಕಾಲು ಮೀಟರ್ ದೂರದಲ್ಲಿ ಕೂರಲಿ. ಒಂದೂವರೆ ಮೀಟರಿಗಿಂತ ತುಸು ಹೆಚ್ಚು ಅಗಲ ಸಿಗುತ್ತದೆ, ಬೇಕಾದದ್ದೆಲ್ಲ ಬರುತ್ತದೆ.

ಬಳಸಿದ ಕ್ಯಾಮೆರಾ ಕೊಳ್ಳುವಾಗ ನಿಮ್ಮದೇ ಮೆಮೊರಿ ಕಾರ್ಡ್ ಒಯ್ದು ಅಲ್ಲೇ ಹತ್ತು ಚಿತ್ರ ತೆಗೆಯಿರಿ. ಲೆನ್ಸ್ ಕರಕರ ಸದ್ದಿಲ್ಲದೆ ಹೊರಬಂದು ಒಳಹೋಗಬೇಕು. ಬಿಳಿ ಗೋಡೆಯ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಕಪ್ಪು ಚುಕ್ಕೆ ಇದ್ದರೆ ಒಳಗೆ ದೂಳು ಸೇರಿದೆ, ಮನೆಯಲ್ಲಿ ತೆಗೆಯಲಾಗದು. ಬ್ಯಾಟರಿ, ಚಾರ್ಜರ್ ಈಗಲೂ ಸಿಗುತ್ತವೆಯೇ ವಿಚಾರಿಸಿ. ಬಿಲ್ಲು ಕೇಳಿ. ಕ್ಯಾಮೆರಾಕ್ಕೆ ಮಣಿಕಟ್ಟಿನ ದಾರ ಇರಲೇಬೇಕು.

ಅಂಥದ್ದು ಸಿಗದಿದ್ದರೆ ಮನೆಯ ಫೋನೇ ಆಗಲಿ. ಒಂದೇ ಷರತ್ತು, ಬೆರಳಿನಿಂದ ಹಿಗ್ಗಿಸಿ ಹತ್ತಿರ ಎಳೆಯಕೂಡದು, ನಡೆದೇ ಹೋಗಬೇಕು. ಫೋಟೊ ತೆಗೆಯುವಾಗ ಕರೆ, ಸಂದೇಶ ಬಾರದಂತೆ ನಿಲ್ಲಿಸಿಕೊಳ್ಳಿ.

ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರ ಹೆಸರು ಕೇಳಿದ್ದೀರಾ ಮಕ್ಕಳೇ? ದೊಡ್ಡವರನ್ನೂ ದೊಡ್ಡ ಘಟನೆಗಳನ್ನೂ ತೆಗೆದವರು ಅವರು. ಆದರೆ ಹೆಚ್ಚು ನೆನಪಿನಲ್ಲಿ ಉಳಿಯುವುದು ಸಾಮಾನ್ಯ ಜನರ, ಮಕ್ಕಳ ದಿನನಿತ್ಯದ ಬದುಕಿನ ಚಿತ್ರಗಳು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅಜ್ಜಿ ದೋಸೆ ಎರೆಯುವುದೂ ಅಂಥದೇ ದೊಡ್ಡ ವಿಷಯ. ಎಷ್ಟೋ ಮನೆಗಳ ಆಲ್ಬಮ್ ತೆರೆದರೆ ಮದುವೆಯ ಸಾಲಿನಲ್ಲಿ ನಿಂತ ಅಜ್ಜಿ ಮಾತ್ರ ಸಿಗುತ್ತಾರೆ. ಕೆಲಸ ಮಾಡುವ ಅಜ್ಜಿ, ನಗುವ ಅಜ್ಜಿ ಸಿಗುವುದೇ ಇಲ್ಲ.

ಹಾಗೆಂದು ಮೊದಲ ದಿನವೇ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ. ‘ಅಜ್ಜೀ, ತೆಗೀಲಾ?’ ಎಂದು ಕೇಳಿ. ಬೇಡ ಎಂದರೆ ಬೇಡ. ಎರಡು ದಿನ ಹಿಟ್ಟು ರುಬ್ಬಲು, ಹೂ ಬಿಡಿಸಲು ಜೊತೆ ಕೊಡಿ. ಕ್ಯಾಮೆರಾ ಪಕ್ಕದಲ್ಲೇ ಇರಲಿ. ಮೂರನೆಯ ದಿನ ಅದು ಅಲ್ಲಿದೆ ಎಂಬುದನ್ನೇ ಅವರು ಮರೆತಿರುತ್ತಾರೆ. ಕ್ಯಾಮೆರಾ ಪುಟ್ಟದಾಗಿರುವುದರ ನಿಜವಾದ ಲಾಭ ಅಲ್ಲಿದೆ.

ಮೇಷ್ಟ್ರೇ, ನಿಮ್ಮ ಇಪ್ಪತ್ತೈದು ಸಾವಿರದಲ್ಲಿ ಎರಡು ಸಾವಿರ ಎತ್ತಿಡಿ, ಪ್ರಿಂಟ್ ಹಾಕಿಸಲು. ನಾಲ್ಕು–ಆರು ಇಂಚಿನ ಪ್ರಿಂಟು ಸಾಕು. 36ಕ್ಕೆ 24 ಹೇಗೋ 6ಕ್ಕೆ 4 ಹಾಗೆಯೇ. ಆದ್ದರಿಂದ ಆ ಅಳತೆಯ ಚಿತ್ರದ ಅಂಚು ಕತ್ತರಿಸಿ ಹೋಗುವುದಿಲ್ಲ. ಕಂಪ್ಯೂಟರಿನಲ್ಲಿ ಒಂದು ಪ್ರತಿ, ಬೇರೆ ಊರಿನ ನೆಂಟರ ಮನೆಯಲ್ಲಿ ಇನ್ನೊಂದು ಪ್ರತಿ ಇರಲಿ. ಆಲ್ಬಮ್ಮಿನಲ್ಲಿ ಪ್ರತಿ ಚಿತ್ರದ ಪಕ್ಕ ತಾರೀಖು, ಜಾಗ, ಅಲ್ಲಿರುವವರ ಹೆಸರು ಬರೆಯಿಸಿ. ಹಸುವಿನ ಹೆಸರನ್ನೂ ಬಿಡಬೇಡಿ. ಬರೆಯುವ ಕೆಲಸ ಅಜ್ಜಿಯದೇ ಆಗಲಿ. ಅವರ ಕೈಬರಹವೂ ಉಳಿಯುತ್ತದೆ.